ನಾನು ಬೀಳಿಸಿದ ಮೂರು ವಿಮಾನಗಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇರೆ ಯಾರ ಬಾಯಿಂದಲೋ ಕೇಳಿ ನಗುವುದು ಬೇಡ. ಆರನೆಯ ಇಯತ್ತೆಯಲ್ಲಿದ್ದಾಗ ನಾನು ಮೂರು ಯುದ್ಧವಿಮಾನಗಳನ್ನು ಬೀಳಿಸಿದ್ದೇನೆ. ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಒಂದು ಬಟ್ಟಲು ಬೆಚ್ಚಗಿನ ನೀರು ಮತ್ತು ಒಂದು ಸಣ್ಣ ಬ್ರಶ್ಶಿನ ಬಲದಿಂದ, ತೊಟ್ಟ ಚಡ್ಡಿಯಲ್ಲೇ. ಶತ್ರುಗಳ ಕಡೆ ಯಾರೂ ಸಾಯಲಿಲ್ಲ. ನಮ್ಮ ಕಡೆ ಮಾತ್ರ ಕಾಕಾನ ಲಗ್ನವೊಂದು ಸಾಯುವುದರಲ್ಲಿತ್ತು. ಊರವರ ದನಿ ತೆಗೆದು, ಅವರ ನಡಿಗೆ ನಡೆದು, ಅವರ ಕೆಮ್ಮು ಕೆಮ್ಮಿ ನಗಿಸುವವನು ನಾನು. ಮದುವೆ ಮನೆಗಳಲ್ಲಿ ಮೈಕು ಹಿಡಿದು ಈಗಲೂ ಅದನ್ನೇ ಮಾಡಿ ಹೊಟ್ಟೆ ಹೊರೆಯುತ್ತೇನೆ. ಎಲ್ಲರನ್ನೂ ಆಡಿಕೊಂಡವನು ತನ್ನ ಸರದಿ ಬಂದಾಗ ಬಾಯಿಗೆ ಬೀಗ ಹಾಕಿಕೊಂಡರೆ ನ್ಯಾಯವಾಗುವುದಿಲ್ಲ.

ಇದೆಲ್ಲ ನೆನಪಾದದ್ದು ವಿನೆಗರಿನ ವಾಸನೆಯಿಂದ. ಮೊನ್ನೆ ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಕಾದು ಹೊಗೆಯಾಡುವ ಬಾಣಲೆಗೆ ಬಾಟಲಿ ಎತ್ತಿ ವಿನೆಗರ್ ಸುರಿದ. ಚುಂಯ್ ಎಂದು ಎದ್ದ ಆ ಹುಳಿ ಹೊಗೆ ಮೂಗಿಗೆ ಬಡಿದದ್ದೇ ನನ್ನ ಕಣ್ಣು ತುಂಬಿಕೊಂಡವು. ಗಾಡಿಯವನು ಗಾಬರಿಯಾಗಿ, “ಖಾರ ಇನ್ನೂ ಹಾಕೇ ಇಲ್ರಿ ಅಣ್ಣಾ!” ಎಂದ. ಅವನಿಗೆ ಏನೆಂದು ಹೇಳಲಿ? ನಮ್ಮ ಕಾಕಾ ನೌಕಾದಳದಲ್ಲಿದ್ದವನು. ನೌಕಾದಳ ಎಂದರೆ ನಿಮಗೆ ಉಪ್ಪು ಗಾಳಿ, ಅಲೆ, ಬಿಳಿ ಸಮವಸ್ತ್ರ ನೆನಪಾಗಬಹುದು. ನನಗೆ ನೆನಪಾಗುವುದು ಈ ಹುಳಿ ವಾಸನೆ, ಅದರ ಹಿಂದೆಯೇ ಬಣ್ಣದ ತೆಳು ಘಾಟು, ಅದರ ಹಿಂದೆ ನಮ್ಮ ಆಯಿಯ ಕಂಬಳಿಯಿಂದ ಬರುತ್ತಿದ್ದ ಕುರಿಯ ಉಣ್ಣೆಯ ವಾಸನೆ. ಈ ಮೂರೂ ಕಲೆತ ಗಾಳಿಯನ್ನು ಉಸಿರಾಡಿ ಬೆಳೆದವನು ನಾನು. ಆ ಗಾಳಿ ಇದ್ದ ಮನೆ ಈಗ ಇಲ್ಲ.

ಅಪ್ಪ, ಅವ್ವ ಇಂಗಳೇಶ್ವರದ ಹೊಲದಲ್ಲಿರುತ್ತಿದ್ದರು. ಸಾಲಿ ಕಲಿಯಲಿ ಎಂದು ನನ್ನನ್ನು ಸಿಂದಗಿಯಲ್ಲಿ ಆಯಿಯ ಹತ್ತಿರ ಬಿಟ್ಟಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಹರೆಯವನ್ನೆಲ್ಲ ಕುರಿ ಹಿಂಡಿನ ಹಿಂದೆ ಕಳೆದವಳು. ಕುರಿ ಮಾರಿ ಎಷ್ಟೋ ವರ್ಷಗಳಾದರೂ ರಸ್ತೆಯಲ್ಲಿ ನಡೆಯುವಾಗ ಎರಡೂ ಕೈ ಸ್ವಲ್ಪ ಅಗಲಿಸಿಯೇ ನಡೆಯುತ್ತಿದ್ದಳು, ಯಾವುದೋ ಕಾಣದ ಕುರಿ ಪಕ್ಕಕ್ಕೆ ತಪ್ಪಿಸಿಕೊಂಡೀತು ಎಂಬಂತೆ. ಆ ಮನೆಯಲ್ಲಿ ಮೂರನೆಯವನು ಮಾಳಪ್ಪ ಕಾಕಾ, ಅಪ್ಪನ ತಮ್ಮ. ಹದಿನೈದು ವರ್ಷ ನೌಕಾದಳದಲ್ಲಿದ್ದು, ಪೆನ್ಶನ್ ಪಡೆದು ಬಂದವನು. ಸಮುದ್ರದ ಹೆಸರು ಕೇಳಿದರೆ ಭೀಮಾ ನದಿಗೆ ಬಂದ ನೆರೆಯನ್ನು ನೆನೆಯುವ ನಮ್ಮ ಊರಿನಲ್ಲಿ ನೌಕಾದಳ ಎಂಬ ಮಾತು ಯಾರ ನಾಲಿಗೆಗೂ ಒಗ್ಗಿರಲಿಲ್ಲ. “ನೌಕರಿದಳ” ಎನ್ನುತ್ತಿದ್ದರು. ಕಾಕಾ ಮೊದಮೊದಲು ತಿದ್ದುತ್ತಿದ್ದನಂತೆ, ಆಮೇಲೆ ಅವನೂ ಒಂದೆರಡು ಸಲ ನೌಕರಿದಳ ಎಂದದ್ದನ್ನು ನಾನೇ ಕೇಳಿದ್ದೇನೆ.

ಕಾಕಾನಿಗೆ ಒಂದು ಹುಚ್ಚಿತ್ತು. ಹಡಗಿನಿಂದ ಹಾರುವ ಜೆಟ್ ವಿಮಾನಗಳ ಸಣ್ಣ ಪ್ರತಿರೂಪಗಳನ್ನು ಕೂಡಿಸುವುದು. ಬಿಡಿಭಾಗಗಳ ಪೆಟ್ಟಿಗೆ ಮುಂಬೈಯಿಂದ ಕೊರಿಯರ್‌ನಲ್ಲಿ ಬರುತ್ತಿತ್ತು. ಅವನು ಬ್ಲೇಡಿನಿಂದ ಒಂದೊಂದೇ ರೆಕ್ಕೆ ಬಿಡಿಸಿ, ತಿಕ್ಕಿ, ಅಂಟಿಸಿ, ಬಣ್ಣ ಹಚ್ಚಿ, ಅದನ್ನು ಪಡಸಾಲೆಯ ಮಾಡದಲ್ಲಿ, ಗೋಡೆಯೊಳಗಿನ ಆ ಉದ್ದನೆಯ ಗೂಡಿನಲ್ಲಿ, ಒಣಗಿಸುತ್ತಿದ್ದ. ಇವೆಲ್ಲ ನನಗೆ ಬೇಸರದ ಕೆಲಸಗಳು. ನಾನು ಕಾಯುತ್ತಿದ್ದದ್ದು ಕೊನೆಯ ದಿನಕ್ಕೆ. ಆ ದಿನ ಅವನು ನೀಲಿ ಛಾಯೆಯ ಒಂದು ಹಾಳೆ ತೆಗೆಯುತ್ತಿದ್ದ. ಅದರ ಮೇಲೆ ಆ ವಿಮಾನದ ಅಂಕಿ, ಅಕ್ಷರ, ದಳದ ಗುರುತು, ಕಣ್ಣಿಗೆ ಕಂಡೂ ಕಾಣದಂತಹ ಎಚ್ಚರಿಕೆಯ ಸಾಲುಗಳು, ಎಲ್ಲ ಅಚ್ಚಾಗಿರುತ್ತಿದ್ದವು. ಬೇಕಾದದ್ದನ್ನು ಕತ್ತರಿಸಿ ಬೆಚ್ಚಗಿನ ನೀರಿನ ಬಟ್ಟಲಲ್ಲಿ ಬಿಟ್ಟರೆ, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕಾಗದದಿಂದ ಗುರುತು ತಾನಾಗಿ ಕಳಚಿಕೊಂಡು ಅಲುಗುತ್ತಿತ್ತು. ಕಾಕಾ ಅದನ್ನು ಬ್ರಶ್ಶಿನ ತುದಿಯಿಂದ ಜಾರಿಸಿ ವಿಮಾನದ ಮೈಮೇಲೆ ಇಳಿಸುತ್ತಿದ್ದ. ಮೇಲೆ ಒಂದು ಹನಿ ವಿನೆಗರ್. ಅದು ಬಿದ್ದರೆ ಗುರುತು ಮೆತ್ತಗಾಗಿ, ಮೈಯ ಗೆರೆ ಗೆರೆಗೂ ಕೂತು, ಅಂಟಿಸಿದ್ದೋ ಬರೆದದ್ದೋ ತಿಳಿಯದ ಹಾಗೆ ಆಗಿಬಿಡುತ್ತಿತ್ತು. ಅವನು ಅದಕ್ಕೆ ಡೆಕಾಲ್ ಎನ್ನುತ್ತಿದ್ದ. ಆಯಿ ಒಮ್ಮೆ ಬಗ್ಗಿ ನೋಡಿ, “ಇದು ಕೆನಿ ಅಲ್ಲೇನೋ? ಹಾಲಿನ ಮ್ಯಾಲಿಂದು ತಗದಂಗ ತಗೀತಿ” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕೆನಿ. “ಏ ಮಂಗ್ಯಾ, ಉಸರ ಬಿಡಬ್ಯಾಡ, ಕೆನಿ ಹರದೀತು” ಎಂದು ಕಾಕಾ ಪಿಸುಗುಟ್ಟುವುದು, ನಾನು ಉಸಿರು ಹಿಡಿದು ಕೆಂಪಗಾಗುವುದು, ಆಯಿ ಅಡಿಗೆ ಮನೆಯಿಂದ “ಹುಡುಗನ್ನ ಸಾಯಿ ಹೊಡಿತೀಯೇನೋ” ಎಂದು ಒದರುವುದು, ಇಷ್ಟೂ ನಡೆದರೆ ಆ ವಿಮಾನ ಮುಗಿಯಿತು ಎಂದು ಲೆಕ್ಕ.

ಅಂಟಿಸುವುದೇ ಕಾಕಾನ ಹೊಟ್ಟೆಪಾಡು ಕೂಡ. ಮನೆಯ ಮುಂಭಾಗದಲ್ಲಿ ಅವನ ರೇಡಿಯಂ ಅಂಗಡಿ. ಮೋಟರ್‌ಸೈಕಲ್ಲಿಗೆ ನಂಬರ್, ಟ್ರ್ಯಾಕ್ಟರಿಗೆ ದೇವರ ಹೆಸರು, ಟಂಟಂ ಗಾಡಿಯ ಹಿಂದೆ ಹುಡುಗಿ ಕೈಕೊಟ್ಟ ದುಃಖದ ಎರಡು ಸಾಲು. ಏನು ಬೇಕಾದರೂ ಕತ್ತರಿಸಿ ಕೊಡುತ್ತಿದ್ದ, ಸುಳ್ಳೊಂದನ್ನು ಬಿಟ್ಟು. ಒಮ್ಮೆ ದೇವರ ಹಿಪ್ಪರಗಿಯ ಕಡೆಯ ಒಬ್ಬ ಗಾಡಿ ನಿಲ್ಲಿಸಿ, ಮುಂದೆ ಪೊಲೀಸ್ ಎಂದು ಬರೆದುಕೊಡಿ ಎಂದ. “ನೀವು ಪೊಲೀಸ್ ಅದೀರೇನು?” ಎಂದ ಕಾಕಾ. “ನಾ ಅಲ್ರಿ, ನಮ್ಮ ಷಡ್ಡಕ ಅದಾನ.” “ಹಂಗಾದ್ರ ‘ಪೊಲೀಸನ ಷಡ್ಡಕ’ ಅಂತ ಬರೀತೇನಿ. ನಡೀತೈತೇನು?” ಆತ ಬೈದುಕೊಂಡು ಹೋದ. ನಾನು ಒಂದು ವಾರ ಸಾಲಿಯಲ್ಲಿ ಆ ಷಡ್ಡಕನ ಮುಖ ಮಾಡಿ ತೋರಿಸಿ ಹೆಸರು ಗಳಿಸಿದೆ.

ಮಾಡದಲ್ಲಿದ್ದ ವಿಮಾನಗಳಲ್ಲಿ ಕೆಲವು ಬೇರೆ ದೇಶಗಳ ನೌಕಾದಳದವು. ಅವುಗಳ ಕೆನಿಯ ಹಾಳೆಯಲ್ಲಿ ಒಂದು ಮೂಲೆಗೆ, ಪೈಲಟ್ ಕೂರುವ ಜಾಗದ ಕೆಳಗೆ ಅಂಟಿಸಲೆಂದು, ಪುಟ್ಟ ಪುಟ್ಟ ಗುರುತುಗಳು ಇರುತ್ತಿದ್ದವು. ಕೆಲವದರಲ್ಲಿ ಚುಕ್ಕಿ, ಕೆಲವದರಲ್ಲಿ ಅಕ್ಕಿಕಾಳಿನಷ್ಟು ವಿಮಾನದ ಆಕಾರ. ಆಯಿ ಕಣ್ಣು ಕಿರಿದು ಮಾಡಿ, “ಇವೇನಪಾ, ಇರವಿ ಹರದಂಗ?” ಎಂದು ಕೇಳಿದ್ದಳು.

“ಆ ವಿಮಾನ ಯುದ್ಧದಾಗ ಎಷ್ಟು ವಿಮಾನ ಕೆಡವೈತಿ, ಅಷ್ಟು ಗುರ್ತು ಯವ್ವಾ.”

“ಕೆಡವಿದ್ರಾಗ ಕುಂತಾಂವ?”

ಕಾಕಾ ಬ್ರಶ್ಶು ಎತ್ತಿ ಹಿಡಿದೇ ಕೂತ. “ಕೆಲವ್ರು ಜಿಗದು ಬದಕ್ಯಾರ. ಕೆಲವ್ರು ಇಲ್ಲ.”

“ಅವನ್ನ ಯಾರಾದ್ರೂ ಊಟಕ್ಕ ಕಾಯಾಕತ್ತಿರತಾರಲೋ” ಎಂದಷ್ಟೇ ಹೇಳಿ ಆಯಿ ಒಳಗೆ ಹೋದಳು. ಆ ಮೇಲೆ ಅಂಥ ಗುರುತು ಅಂಟಿಸುವಾಗ ಕಾಕಾ ರೇಡಿಯೋ ಬಂದ್ ಮಾಡುತ್ತಿದ್ದ.

ಮಾಡದ ನಟ್ಟನಡುವೆ ಇದ್ದದ್ದು ಮಾತ್ರ ನಮ್ಮದೇ ವಿಮಾನ, ಸೀ ಹ್ಯಾರಿಯರ್. ಕಾಕಾ ಇದ್ದ ಹಡಗಿನದು, ಅವನು ಕೈಯಾರೆ ಮುಟ್ಟಿದ್ದು; ಅಂಕಿಯೂ ಅದರದೇ. ಕಡು ಬೂದು ಬಣ್ಣದ ಅದರ ಮೈಮೇಲೆ ಅಂಥ ಗುರುತು ಒಂದೂ ಇರಲಿಲ್ಲ. ಅಕ್ಕಪಕ್ಕದ ಪರದೇಶಿ ವಿಮಾನಗಳು ಸಾಲು ಸಾಲು ಗುರುತು ಹೊತ್ತು ನಿಂತಿರುವಾಗ ನಮ್ಮದು ಬರಿಮೈಯಲ್ಲಿ ನಿಂತದ್ದು ನೋಡಿ, ಪ್ರಗತಿಪತ್ರದಲ್ಲಿ ನನ್ನ ಗಣಿತದ ಸಾಲು ನೆನಪಾಗಿ ನನಗೆ ಬಹಳ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಬಸವನ ಬಾಗೇವಾಡಿಯಲ್ಲಿ ನಮ್ಮ ಬೀಗರ ಪೈಕಿ ಒಂದು ಲಗ್ನ. ಆಯಿಯ ಜೊತೆ ನಾನೂ ಹೋಗಿದ್ದೆ. ಊಟವಾದ ಮೇಲೆ ಹಂದರದ ಕೆಳಗೆ ಕಾಲು ಚಾಚಿದ ಹಿರಿಯರು ನನ್ನನ್ನು ಹಿಡಿದುಕೊಂಡು ಆಡಿ ತೋರಿಸು ಎಂದರು. ನಮ್ಮ ಹೆಡ್‌ಮಾಸ್ತರರ ಕೆಮ್ಮು, ಆಯಿಯ ಗೊರಕೆ, ಏರಿ ಹತ್ತಲಾರದ ಹಳೆಯ ಬಸ್ಸು, ಎಲ್ಲ ಮುಗಿಸಿದೆ. ಎರಡನೇ ಪಂಕ್ತಿಯಲ್ಲಿ ಸಿಕ್ಕ ಭಜಿಯನ್ನು ಎಲೆಯ ಚೂರಿನಲ್ಲಿಟ್ಟುಕೊಂಡು ತಿನ್ನುತ್ತಿದ್ದಾಗ, ಧೋತರ, ಟೋಪಿಯ ದಪ್ಪನೆಯ ಒಬ್ಬರು ಹತ್ತಿರ ಕರೆದರು.

“ಯಾರ ಹುಡುಗೋ ನೀ?”

“ಸಿಂದಗಿ ಮಾಳಪ್ಪನ ಅಣ್ಣನ ಮಗ್ರಿ.”

“ಮಿಲಿಟರ್ಯಾಗಿದ್ನಲ್ಲ, ಆ ಮಾಳಪ್ಪನೇನು? ವಿಮಾನ ಹೊಡೀತಿದ್ನೇನು ಅಂವ?”

ನಮ್ಮ ಕಡೆ ಹೊಡೆಯುವುದು ಎಂಬ ಮಾತಿಗೆ ಹೊಟ್ಟೆ ದೊಡ್ಡದು. ಬಸ್ಸು ಹೊಡೆಯುತ್ತಾರೆ, ಟ್ರ್ಯಾಕ್ಟರ್ ಹೊಡೆಯುತ್ತಾರೆ, ಕುರಿ ಹೊಡೆದುಕೊಂಡು ಅಡವಿಗೆ ಹೋಗುತ್ತಾರೆ, ನಿದ್ದೆ ಹೊಡೆಯುತ್ತಾರೆ, ಬಂದೂಕಿನಿಂದಲೂ ಹೊಡೆಯುತ್ತಾರೆ. ವಿಮಾನ ನಡೆಸುತ್ತಿದ್ದನೇ ಎಂದು ಅವರು ಕೇಳಿದರೋ, ವಿಮಾನ ಕೆಡವುತ್ತಿದ್ದನೇ ಎಂದು ಕೇಳಿದರೋ ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದನ್ನೂ ಕಾಕಾ ಮಾಡಿರಲಿಲ್ಲ ಎಂಬುದು ತಿಳಿದಿತ್ತು. ಆದರೆ ಅಷ್ಟು ಮಂದಿ ನಗುತ್ತ ನನ್ನ ಬಾಯಿಯನ್ನೇ ನೋಡುವಾಗ ಇಲ್ಲ ಎನ್ನುವ ಶಬ್ದ ನನ್ನ ಗಂಟಲಲ್ಲಿ ಎಂದೂ ಹುಟ್ಟಿದ್ದಿಲ್ಲ. “ಹೊಡೀತಿದ್ನರಿ!” ಎಂದೆ.

“ಎಷ್ಟು ಹೊಡದಾನ?”

ಈಗ ಪ್ರಶ್ನೆ ಸ್ಪಷ್ಟವಾಯಿತು. ಹಿಂದೆ ಸರಿಯಲು ಜಾಗವಿರಲಿಲ್ಲ. ಕೈಯಲ್ಲಿದ್ದ ಎಲೆ ನೋಡಿದೆ. ಮೂರು ಭಜಿ ಉಳಿದಿದ್ದವು. “ಮೂರ್ರೀ!” ಎಂದು, ಮೂರೂ ವಿಮಾನ ಒಂದಾದಮೇಲೊಂದು ಹೊಗೆಯುಗುಳುತ್ತ ಸಮುದ್ರಕ್ಕೆ ಬಿದ್ದದ್ದನ್ನು ಬಾಯಿಯಲ್ಲೇ ಸದ್ದು ತೆಗೆದು ತೋರಿಸಿದೆ. ಹಂದರ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆ ಟೋಪಿಯವರು ಮುದ್ದೇಬಿಹಾಳದ ಬೀರಪ್ಪನವರು ಎಂಬುದು, ತಂದೆಯಿಲ್ಲದ ಸೋದರಸೊಸೆಯೊಬ್ಬಳಿಗೆ ಗಂಡು ನೋಡುತ್ತಿದ್ದರು ಎಂಬುದು ನನಗೆ ಆಗ ಗೊತ್ತಿದ್ದರೆ ಒಂದು ಭಜಿಯನ್ನಾದರೂ ಮೊದಲೇ ತಿಂದಿರುತ್ತಿದ್ದೆ.

ಹದಿನೈದು ದಿನಕ್ಕೆ ಮುದ್ದೇಬಿಹಾಳದಿಂದ ಮಾತು ಬಂತು, ಜೊತೆಗೆ ಒಂದು ಫೋಟೋ. ಹುಡುಗಿಯ ಹೆಸರು ಕಸ್ತೂರಿ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲವೋ ಏನೋ, ಖಾಕಿ ತೊಟ್ಟದ್ದನ್ನೇ ಕಳಿಸಿದ್ದರು. ನೋಡುವವರಿಗೆ ಈಗಲೇ ಚಿಲ್ಲರೆ ಕೇಳುತ್ತಾಳೆ ಅನ್ನಿಸುವಂತಹ ಮುಖ. ಕಾಕಾನಿಗೆ ಆಗ ಮೂವತ್ತೈದು ದಾಟಿತ್ತು. ಅವನನ್ನು ನೋಡಲು ಬಂದವರು ಅದಕ್ಕೂ ಮೊದಲು ಇಬ್ಬರು ಮೂವರು ಇದ್ದರು. ಎಲ್ಲರೂ ಪಡಸಾಲೆಯ ಮಾಡ ನೋಡಿ, “ಹುಡುಗ ಇನ್ನೂ ಆಟಗಿ ಸಾಮಾನಿನ ಜೋಡಿ ಆಡತಾನ” ಎಂದು ಊರಿಗೆ ಹೋಗಿ ಹೇಳಿ ಕೈಬಿಟ್ಟಿದ್ದರು. ಕಾಕಾ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಂತೆ ಕಾಣುತ್ತಿರಲಿಲ್ಲ. ಆದರೆ ಈ ಫೋಟೋವನ್ನು ಮಾತ್ರ, ಮಡಿಕೆ ಬೀಳದಿರಲಿ ಎಂದು, ತನ್ನ ಅತ್ಯಂತ ಒಳ್ಳೆಯ ಕೆನಿಯ ಹಾಳೆಗಳನ್ನು ಇಡುವ ರಟ್ಟಿನ ಫೈಲಿನಲ್ಲಿ, ಎರಡು ಬಿಳಿ ಕಾಗದಗಳ ನಡುವೆ ಇಟ್ಟಿದ್ದ. ದಿನಕ್ಕೆ ಒಮ್ಮೆಯಾದರೂ ಹಾಳೆ ಹುಡುಕುವ ನೆವದಿಂದ ಆ ಫೈಲು ತೆರೆಯುತ್ತಿದ್ದ. ಯಾವ ಹಾಳೆಯೂ ಹೊರಗೆ ಬರುತ್ತಿರಲಿಲ್ಲ.

ಹೆಣ್ಣಿನವರು ಮನೆ ನೋಡಲು ಬರುವಾಗ ಹೆಣ್ಣು ಬರುವುದಿಲ್ಲ, ನಮ್ಮಲ್ಲಿ ಅದು ರೂಢಿ. ಆದರೆ ಕಸ್ತೂರಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳಂತೆ. “ಆ ಮನ್ಯಾಗ ಇರಾಕಿ ನಾನು. ನೋಡಿ ಬರಾವ್ರು ನೀವೇನು?” ಎಂದಳು ಎಂದು ಸುದ್ದಿ ಮುಟ್ಟಿತು. ಆಯಿ ಅರ್ಧ ದಿನ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಆಮೇಲೆ, “ಬರಲಿ ಬಿಡು. ಕುರಿ ಸೈತ ಹಟ್ಟಿ ಮೂಸಿ ನೋಡೇ ಒಳಗ ಬರತಾವ” ಎಂದು ಮನೆ ಸಾರಿಸಲು ಕೂತಳು. ವಿಮಾನಗಳನ್ನೆಲ್ಲ ಹೊರಸಿನ ಕೆಳಗೆ ತಳ್ಳಿ ಮೇಲೆ ಕಂಬಳಿ ಇಳಿಬಿಡೋಣ ಎಂಬುದು ಅವಳ ಉಪಾಯ. ಕಾಕಾ ಒಪ್ಪಲಿಲ್ಲ. “ಮುಚ್ಚಿಟ್ಟು ಲಗ್ನ ಆದ್ರ ನಾಳೆ ಎಲ್ಲಿ ತಗದು ಇಡಲಿ ಯವ್ವಾ?” ಎಂದು, ಒಂದೊಂದನ್ನೂ ಒರೆಸಿ ಮಾಡದಲ್ಲಿ ಮತ್ತೆ ಸಾಲಾಗಿ ನಿಲ್ಲಿಸಿದ.

ನನಗೆ ಜ್ವರ ಬರುವುದೊಂದು ಬಾಕಿ. ಬೀರಪ್ಪನವರು ಮೂರು ವಿಮಾನ ಕೆಡವಿದ ಶೂರನನ್ನು ನೋಡಲು ಬರುತ್ತಿದ್ದಾರೆ. ಇಲ್ಲಿ ನೋಡಿದರೆ ನಮ್ಮ ಸೀ ಹ್ಯಾರಿಯರಿನ ಮೈ ಬರಿದು. ಅವರು ಬರುವ ದಿನ ಬೆಳಿಗ್ಗೆ ಕಾಕಾ ಕಟಿಂಗ್ ಮಾಡಿಸಲು ಹೋದ. ಆಯಿ ಹಿತ್ತಲಲ್ಲಿದ್ದಳು. ನಾನು ಫೈಲು ತೆರೆದೆ. ಬೇರೆ ದೇಶದ ದಳದಲ್ಲಿದ್ದ ಇದೇ ಜಾತಿಯ ವಿಮಾನದ ಹಾಳೆ ಒಂದು ಅದರಲ್ಲಿತ್ತು. ಅದು ಯುದ್ಧ ಕಂಡು ಗೆದ್ದು ಬಂದದ್ದು, ಮೂಲೆಯಲ್ಲಿ ಬಿಳಿಯ ಪುಟ್ಟ ವಿಮಾನಗಳು. ಮೂರನ್ನು ಕತ್ತರಿಸಿ ನೀರಿಗೆ ಬಿಟ್ಟೆ. ಉಸಿರು ಹಿಡಿದುಕೊಂಡೆ, ಅದನ್ನು ಮರೆಯಲಿಲ್ಲ. ಒಂದು ನೆಟ್ಟಗೆ ಕೂತಿತು. ಇನ್ನೊಂದು ಸುರುಳಿ ಸುತ್ತಿಕೊಂಡು ನನ್ನ ಬೆರಳಿಗೇ ಅಂಟಿತು, ಬಿಡಿಸಿ ಕೂಡಿಸಿದೆ. ಮೂರನೆಯದು ಹೇಗೋ ತಲೆಕೆಳಗಾಗಿ, ಮೂತಿ ಬಾಲದ ಕಡೆ ಮಾಡಿ ಕೂತಿತು. ಮೇಲೆ ಕೈಗೆ ಬಂದಷ್ಟು ವಿನೆಗರ್ ಸುರಿದೆ. ಆಯಿ ಒಳಗೆ ಬಂದು, “ಇದೇನೋ, ಬೀಗರು ಬರೂ ದಿನ ಮನೀ ತುಂಬ ಹುಳಿ ನಾತ?” ಎಂದು ಊದಿನಕಡ್ಡಿಯ ಕಟ್ಟನ್ನೇ ಹಚ್ಚಿಬಿಟ್ಟಳು.

ಮಧ್ಯಾಹ್ನದ ಬಸ್ಸಿಗೆ ಅವರು ಬಂದರು. ಬೀರಪ್ಪನವರು, ಕಸ್ತೂರಿಯ ತಾಯಿ, ಕಸ್ತೂರಿ. ಇಳಕಲ್ಲ ಸೀರೆ ಉಟ್ಟಿದ್ದರೂ ಹೊಸ್ತಿಲ ಹತ್ತಿರ ಅವಳು ನಿಂತ ಬಗೆ ಮಾತ್ರ ಖಾಕಿಯದೇ, ಬೆನ್ನು ಬಾಗಿಲ ಚೌಕಟ್ಟಿಗೆ, ಕಣ್ಣು ಎಲ್ಲರ ಮೇಲೆ. ಚುರುಮುರಿ ಸೂಸಲ ಬಂತು, ಚಹಾ ಬಂತು. ಬೀರಪ್ಪನವರಿಗೆ ಯಾವುದೂ ಬೇಡವಾಗಿತ್ತು. ಧೋತರ ಸರಿಮಾಡಿಕೊಂಡು ಎದ್ದವರೇ ಮಾಡದ ಕಡೆ ನಡೆದು, “ಎಲ್ಲೈತ್ರಿ, ಆ ಮೂರು ಹೊಡದದ್ದು?” ಎಂದರು.

“ಯಾವ ಮೂರ್ರೀ?” ಎಂದ ಕಾಕಾ. ಅವನಿಗೆ ಏನೂ ಗೊತ್ತಿರಲಿಲ್ಲ.

“ಇಲ್ಲೇ ಐತಲ್ರಿ ಲೆಕ್ಕ! ಹೊಡದಾವ್ರು ತಾವ ಹೇಳಕೋಬಾರದು ಅಂತ ಸುಮ್ಕಿದ್ದೀರಿ. ಇರಲಿ, ಇರಲಿ. ತಂಗೀ, ಬಾ ಇಲ್ಲಿ, ನೋಡು. ಶೂರ ಮನಷ್ಯಾ.”

ಕಾಕಾ ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಬಗ್ಗಿದವನು ಹಾಗೆಯೇ ತಲೆ ಮಾತ್ರ ಹೊರಳಿಸಿ ನನ್ನನ್ನು ನೋಡಿದ. ಊರಿನ ಎಲ್ಲರ ಮುಖವನ್ನೂ ಮಾಡಬಲ್ಲ ನನಗೆ ಆ ಹೊತ್ತಿನಲ್ಲಿ ಏನೂ ತಿಳಿಯದ ಹುಡುಗನ ಮುಖ ಮಾಡಲು ಬರಲಿಲ್ಲ. ಆಯಿಗೂ ತಿಳಿದುಹೋಯಿತು. ತಿಳಿದವಳೇ, “ಬಿಡೋ ಮಾಳಪ್ಪ, ಬಂದಾವ್ರ ಮುಂದ ಏನದು, ಬಾ ಕುಂದ್ರು” ಎಂದಳು. ಅವಳ ದನಿಯಲ್ಲಿ ಅಂಥ ಬೇಡಿಕೆಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವನು ಏನೂ ಹೇಳುವುದು ಬೇಕಿರಲಿಲ್ಲ. ಸುಮ್ಮನೆ ಬಂದು ಕೂತು ಸೂಸಲ ತಿಂದಿದ್ದರೆ ಲಗ್ನ ಗಟ್ಟಿಯಾಗುತ್ತಿತ್ತು.

ಕಾಕಾ ಸೀ ಹ್ಯಾರಿಯರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೆಲದ ಮೇಲೆ ಕೂತ. “ಯವ್ವಾ, ಒಂದು ಬಟ್ಟಲ ಬೆಚ್ಚನ ನೀರು ಕೊಡು” ಎಂದ. ಆಯಿ ಕೊಟ್ಟಳು. ಅವನು ಬ್ರಶ್ಶಿನಿಂದ ಒಂದೊಂದೇ ಹನಿ ಬಿಟ್ಟು, ನೆನೆಸಿ, ಕಾದ. ಪಡಸಾಲೆಯಲ್ಲಿ ಎಲ್ಲರೂ ಅವನ ಜೊತೆ ಕಾದರು. ಹಚ್ಚಿ ಇನ್ನೂ ಒಂದು ಹೊತ್ತು ಆಗಿರಲಿಲ್ಲವಾದ್ದರಿಂದ ಗುರುತುಗಳು ಸಡಿಲಾಗಿ ಮೆಲ್ಲಗೆ ತೇಲಿದವು. ಮೂರನ್ನೂ ಜಾರಿಸಿ, ಹರಿಯದಂತೆ, ಬಟ್ಟಲಿನ ಅಂಚಿಗೆ ಕೂಡಿಸಿದ. ಆಮೇಲೆಯೇ ತಲೆಯೆತ್ತಿದ್ದು.

“ಇವು ಬ್ಯಾರೇದವರವ್ರಿ. ನಮ್ಮ ವಿಮಾನ ಯಾರನ್ನೂ ಕೆಡವಿಲ್ಲ. ನಾ ಅದರಾಗ ಒಮ್ಮೆನೂ ಕುಂತಿಲ್ಲ. ಹಡಗಿನ ಮ್ಯಾಲ ಅದನ್ನ ನೂಕತಿದ್ದೆ. ಇಳದ ಮ್ಯಾಲ ಸರಪಳಿ ಕಟ್ಟತಿದ್ದೆ, ಹೋಗೂ ಮುಂದ ಬಿಚ್ಚತಿದ್ದೆ. ಕೈ ಮಾಡಿ ದಾರಿ ತೋರಸತಿದ್ದೆ. ಅದ ನನ್ನ ನೌಕರಿ.”

“ಅಂದ್ರ ಡ್ರೈವರ್ ಬ್ಯಾರೆ?” ಬೀರಪ್ಪನವರು ಕೇಳಿದರು.

“ಪೈಲಟ್ ಬ್ಯಾರೆ ಇರತಾರ್ರಿ.”

“ನೀವು ಹೊಡಿಯಾವ್ರಲ್ಲ?”

“ಅಲ್ರಿ.”

ಬೀರಪ್ಪನವರು ಹೆಗಲ ಮೇಲಿನ ಟವೆಲು ಜಾಡಿಸಿದರು. ಅವರು ಕೆಟ್ಟವರಲ್ಲ. ತಂದೆಯಿಲ್ಲದ ಹುಡುಗಿಗೆ ಊರು ಮೆಚ್ಚುವ ಗಂಡು ತರಬೇಕೆಂದು ವರ್ಷಗಟ್ಟಲೆ ತಿರುಗಿದವರು. ಮೂರು ವಿಮಾನದ ಕಥೆಯನ್ನು ಆಗಲೇ ಮುದ್ದೇಬಿಹಾಳದ ಅರ್ಧ ಪೇಟೆಗೆ ಹೇಳಿ ಬಂದಿದ್ದರು. “ನಡೀರಿ” ಎಂದರು ಕಸ್ತೂರಿಯ ತಾಯಿಗೆ. “ಹೊಡಿಯಾಕ ಬರಲಾರದ, ಬರೇ ಹಿಂದ ನಿಂತು ಕೈ ಮಾಡೂ ಮನಷ್ಯಾಗ ಹುಡುಗೀ ಕೊಟ್ಟು, ಊರಾಗ ನಾ ಏನಂತ ಹೇಳಲಿ?”

ಆ ಹೊತ್ತಿನ ಪಡಸಾಲೆ ನನಗೆ ಈಗಲೂ ಅಲುಗದೆ ನಿಂತಿರುವಂತೆ ಕಾಣುತ್ತದೆ: ನೆಲದ ಮೇಲೆ ಕಾಕಾ, ಅವನ ತೊಡೆಯ ಮೇಲೆ ಒದ್ದೆ ವಿಮಾನ, ಹೊಸದಾಗಿ ಕತ್ತರಿಸಿದ ಕೂದಲಿನ ಕೆಳಗೆ ಬಿಳಿಯಾಗಿ ಕಂಡ ಅವನ ಕತ್ತು, ಕೈ ಅಗಲಿಸಿಕೊಂಡು, ಯಾರನ್ನು ತಡೆಯಲಿ ಎಂದು ತಿಳಿಯದೆ ನಿಂತ ಆಯಿ. ರಸ್ತೆ ಅಗಲವಾದಾಗ ಆ ಪಡಸಾಲೆ ಹೋಯಿತು, ಅಂಗಡಿಯೂ ಹೋಯಿತು. ಅದಕ್ಕೂ ಮೊದಲೇ ಆಯಿ ಹೋಗಿದ್ದಳು. ಕಾಕಾ ಹೋಗಿ ಎರಡು ಮಳೆಗಾಲ ಕಳೆದವು, ಎದೆ ನೋವು ಎಂದು ಹೇಳಿದ ಮಧ್ಯಾಹ್ನವೇ. ನನ್ನನ್ನು ಆ ದಿನದ ಬಗ್ಗೆ ಅವನು ಬೈದದ್ದು ಒಂದೇ ಸಲ, ಅದೂ ವರ್ಷಗಳ ಮೇಲೆ, ನಗುತ್ತ: “ಉಲ್ಟಾ ಅಂಟಿಸಿದ್ದಿ ಮಂಗ್ಯಾ. ಸುಳ್ಳನ್ನಾದ್ರೂ ನೆಟ್ಟಗ ಹಚ್ಚಬಾರದೇನು?” ಅವನು ಅರ್ಧಕ್ಕೆ ಬಿಟ್ಟ ಕೊನೆಯ ವಿಮಾನಕ್ಕೆ ನಾನು ಈಚೆಗೆ ಕೆನಿ ಹಚ್ಚಲು ಹೋದೆ. ಹಾಳೆ ಹಳತಾಗಿತ್ತು. ನೀರಿಗೆ ಬಿಟ್ಟ ಗುರುತು ಕಳಚಿಕೊಂಡಿತು, ಆದರೆ ಬ್ರಶ್ಶು ತಾಗುತ್ತಲೇ ಚೂರು ಚೂರಾಗಿ ಬಟ್ಟಲ ತುಂಬ ಹರಡಿತು. ಉಸಿರು ಹಿಡಿದೇ ಇದ್ದೆ. ಇನ್ನು ಉಸಿರು ಬಿಡು ಎನ್ನುವವರು ಯಾರೂ ಇರಲಿಲ್ಲ. ಈಗ ನಮ್ಮ ಪಡಸಾಲೆಯಿದ್ದ ಜಾಗದ ಮೇಲೆ ಬಸ್ಸುಗಳು ಓಡುತ್ತವೆ. ಮುದ್ದೇಬಿಹಾಳದಿಂದ ಬರುವ ಒಂದರಲ್ಲಿ ನಾನು ಆಗಾಗ ಕೂರುತ್ತೇನೆ. ಆ ಜಾಗ ಬಂದಾಗ ಅದರ ಕಂಡಕ್ಟರು ಟಿಕೆಟ್ ಹರಿಯುವುದನ್ನು ಒಂದು ಕ್ಷಣ ನಿಲ್ಲಿಸಿ, ಕಿಟಕಿಯ ಹೊರಗೆ ಏನೂ ಇಲ್ಲದ ಕಡೆ ನೋಡಿ, ಮತ್ತೆ ಮುಂದಿನ ಸೀಟಿಗೆ ಹೋಗುತ್ತಾಳೆ. ಮನೆಯ ಹುಡುಗನೆಂದು ನನ್ನನ್ನು ಇವತ್ತಿಗೂ ಪುಕ್ಕಟೆ ಬಿಟ್ಟವಳಲ್ಲ.

ಅಂದು ಪಡಸಾಲೆಯಲ್ಲಿ ಬೀರಪ್ಪನವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಕಸ್ತೂರಿ ಚೌಕಟ್ಟಿಗೆ ಆನಿಸಿದ ಬೆನ್ನು ಎತ್ತಲಿಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಮುಟ್ಟುವ ದನಿಯಲ್ಲಿ ಹೇಳಿದಳು:

“ಹುಡುಗನೂ ಹೊಡಿಯಾಂವಲ್ಲ, ಹುಡುಗಿನೂ ಹೊಡಿಯಾಕಿ ಅಲ್ಲ ಅಂತ ಹೇಳು, ಮಾವ. ನಾ ಹಿಂದ ನಿಂತು ಸೀಟಿ ಊದಲಾರದ ನಿಮ್ಮ ಯಾವ ಡ್ರೈವರ್ ಬಸ್ ಹಿಂದಕ್ಕ ಹೊಳ್ಳಿಸ್ಯಾನ? ಕುಂದ್ರು.”